ಓಡುವ ಜೀವಿಯ ಬೆನ್ನು ಹತ್ತುವ ಸೂಕ್ಷ್ಮದರ್ಶಕ

ಸೂಕ್ಷ್ಮದರ್ಶಕವು ಜೀವಿಯ ಗಾತ್ರವನ್ನು ಹಿಗ್ಗಿಸುವಾಗ ಅದರ ವೇಗವನ್ನೂ ಅಷ್ಟೇ ಪಾಲು ಹಿಗ್ಗಿಸುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ದುಂಡುಹುಳು ಸೆಕೆಂಡಿಗೆ ಸುಮಾರು 0.2 ಮಿ.ಮೀ. ತೆವಳುತ್ತದೆ. ಅದರ 302 ನರಕೋಶಗಳನ್ನು ಬಿಡಿಬಿಡಿಯಾಗಿ ಕಾಣಲು 40 ಪಟ್ಟಿನ ಮಸೂರ ಹಾಕಿದರೆ ನೋಟದ ವಲಯವೇ ಸುಮಾರು ಅರ್ಧ ಮಿಲಿಮೀಟರಿಗೆ ಕುಗ್ಗುವುದರಿಂದ, ಹುಳುವಿನ ತಲೆ ಎರಡು ಮೂರು ಸೆಕೆಂಡಿನಲ್ಲಿ ಕಣ್ಮರೆಯಾಗುತ್ತದೆ. ಹುಳುವನ್ನು ಅಂಟು ಹಾಕಿ ನಿಲ್ಲಿಸಬಹುದು. ಆದರೆ ಕಟ್ಟಿಹಾಕಿದ ಹುಳುವಿನ ನರಗಳು ತೆವಳುವ ಹುಳುವಿನ ಕಥೆಯನ್ನು ಹೇಳಲಾರವು.

ಇದಕ್ಕೆ ಸೊಗಸಾದ ಪರಿಹಾರವನ್ನು ಅಮೆರಿಕದ ವಿಜ್ಞಾನಿ ಹೊವರ್ಡ್ ಬರ್ಗ್ 1971ರಲ್ಲೇ ತೋರಿಸಿದ್ದರು. ಈಜುವ ಇ. ಕೋಲಿ ಬ್ಯಾಕ್ಟೀರಿಯಾದ ಬಿಂಬ ಪಕ್ಕಕ್ಕೆ ಸರಿದೊಡನೆ ಅವರ ಯಂತ್ರವು ನೀರಿನ ಪುಟ್ಟ ಕೋಣೆಯನ್ನೇ ಎದುರು ದಿಕ್ಕಿಗೆ ಸರಿಸಿ, ಜೀವಿಯನ್ನು ಮತ್ತೆ ನಡುವಿಗೆ ತರುತ್ತಿತ್ತು. ಕೋಣೆ ಸರಿದ ಲೆಕ್ಕವೇ ಬ್ಯಾಕ್ಟೀರಿಯಾ ಮೂರು ಆಯಾಮಗಳಲ್ಲಿ ಸಾಗಿದ ದಾರಿಯ ನಕ್ಷೆಯಾಯಿತು! ಅದು ಸುಮಾರು ಒಂದು ಸೆಕೆಂಡು ನೇರವಾಗಿ ಈಜಿ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತಡವರಿಸಿ ದಿಕ್ಕು ಬದಲಿಸುತ್ತದೆಂದೂ, ಆಹಾರದ ಕಡೆಗೆ ಸಾಗುವಾಗ ನೇರ ಓಟ ಉದ್ದವಾಗುತ್ತದೆಂದೂ 1972ರಲ್ಲಿ ತಿಳಿದುಬಂದದ್ದು ಹೀಗೆ.

ಈಗ ಆ ಕೆಲಸವನ್ನು ಕ್ಯಾಮೆರಾ ಮತ್ತು ತಂತ್ರಾಂಶ ಮಾಡುತ್ತವೆ. ತಂತ್ರಾಂಶವು ಚಿತ್ರದಲ್ಲಿ ಜೀವಿಯನ್ನು ಹಿನ್ನೆಲೆಯಿಂದ ಬೇರ್ಪಡಿಸಿ, ಅದರ ಕೇಂದ್ರಬಿಂದುವನ್ನು ಲೆಕ್ಕಹಾಕಿ, ಮಾದರಿಯನ್ನಿಟ್ಟ ಪೀಠದ ಮೋಟಾರಿಗೆ ಆಜ್ಞೆ ಕೊಡುತ್ತದೆ. ನಿಜವಾದ ತೊಡಕಿರುವುದು ಇದಕ್ಕೆ ತಗಲುವ ಹೊತ್ತಿನಲ್ಲಿ. 0.1 ಸೆಕೆಂಡು ತಡವಾದರೂ ನಮ್ಮ ಹುಳು 20 ಮೈಕ್ರೋಮೀಟರ್ ಮುಂದೆ ಹೋಗಿರುತ್ತದೆ. ಕೊರತೆ ತುಂಬಲು ಪೀಠವನ್ನು ಜೋರಾಗಿ ತಳ್ಳಿದರೆ ಅದು ಗುರಿ ದಾಟಿ, ಹಿಂದಕ್ಕೆ ಬಂದು, ಮತ್ತೆ ದಾಟಿ ಓಲಾಡತೊಡಗುತ್ತದೆ. ಓಡುವ ಕರುವನ್ನು ಹಿಡಿಯುವವರು ಅದು ಇದ್ದಲ್ಲಿಗಲ್ಲ, ಹೋಗಲಿರುವಲ್ಲಿಗೆ ನುಗ್ಗುವಂತೆ, ತಂತ್ರಾಂಶವೂ ಹಿಂದಿನ ಚಿತ್ರಗಳಿಂದ ವೇಗವನ್ನು ಅಳೆದು ಮುಂದಿನ ಜಾಗವನ್ನು ಊಹಿಸಬೇಕು.

ಈ ಊಹೆ ಇರುವುದರಿಂದಲೇ ತಂತ್ರಾಂಶ ಮುಕ್ತವಾಗಿರಬೇಕು, ಅಂದರೆ ಅದರ ಸಾಲುಗಳನ್ನು ಯಾರು ಬೇಕಾದರೂ ಓದಿ ಬದಲಿಸುವಂತಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ವೇಲ್ ಅವರ ಪ್ರಯೋಗಾಲಯದಲ್ಲಿ 2005ರಲ್ಲಿ ಆರಂಭವಾದ ಮೈಕ್ರೋ-ಮ್ಯಾನೇಜರ್ ಎಂಬ ಮುಕ್ತ ತಂತ್ರಾಂಶ ಬೇರೆ ಬೇರೆ ತಯಾರಕರ ಕ್ಯಾಮೆರಾ, ಪೀಠಗಳನ್ನು ಒಂದೇ ಕಡೆಯಿಂದ ನಡೆಸುತ್ತದೆ. ಅದರ ಮೇಲೆ ಸಂಶೋಧಕರು ತಮಗೆ ಬೇಕಾದ ಜಾಡು ಹಿಡಿಯುವ ಕ್ರಮವನ್ನು ತಾವೇ ಬರೆದುಕೊಳ್ಳಬಹುದು. ಇಂಥವು ಹಣವಿಲ್ಲದವರ ಅಗ್ಗದ ಬದಲಿ ಎಂಬ ಭಾವನೆ ತಪ್ಪು. ಇಲ್ಲಿ ತಂತ್ರಾಂಶವೇ ಅಳತೆಯ ಉಪಕರಣ. ಅದು ಜಾಡನ್ನು ಅತಿಯಾಗಿ ನಯಗೊಳಿಸಿದರೆ ಬರ್ಗ್ ಕಂಡಂಥ ಕ್ಷಣಿಕ ತಡವರಿಕೆ ಅಳಿಸಿಹೋಗಿ, ಜೀವಿ ಸರಾಗವಾಗಿ ತಿರುಗಿತೆಂದೇ ದಾಖಲಾಗುತ್ತದೆ. ಆ ನಯ ಜೀವಿಯದೋ ಲೆಕ್ಕದ್ದೋ ಎಂದು ತಿಳಿಯಲು ಕಚ್ಚಾ ಚಿತ್ರಗಳ ಜೊತೆಗೆ ತಂತ್ರಾಂಶದ ಆ ಸಾಲುಗಳನ್ನೂ ತೆರೆದು ಓದಲೇಬೇಕು.