ಸಮುದ್ರವಿಲ್ಲದ ಸೀಮೆಯಲ್ಲಿ ಸುಂಕದ ಕಟ್ಟೆ ಯಾಕಿದೆ?

ಪ್ರಶ್ನೆ: ಬ್ರಿಟಿಷರು ಬಂದರುಗಳಲ್ಲಿ ಹಡಗಿನ ಮಾಲಿಗೆ ಸುಂಕ ಎತ್ತುತ್ತಿದ್ದರು ಎಂದು ಓದಿದ್ದೇವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಮುದ್ರವೇ ಇಲ್ಲ. ಆದರೂ ನಮ್ಮ ಹಿರಿಯರು ಸುಂಕದ ಕಟ್ಟೆ, ಸುಂಕದವನು ಅಂತ ಮಾತಾಡುತ್ತಿದ್ದರು. ಅವನ್ನೂ ಬ್ರಿಟಿಷರೇ ತಂದರಾ?

ಉತ್ತರ: ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತಲೇ ಇದೆ. ಆದ್ದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಸುಂಕ ಸಮುದ್ರದ ಮೇಲೆ ಹಾಕುವುದಲ್ಲ, ಹೇರಿನ ಮೇಲೆ ಹಾಕುವುದು. ಸರಕು ಹೊತ್ತವರು ತಪ್ಪಿಸಿಕೊಳ್ಳಲಾಗದೆ ಒಂದೇ ಬಾಯಿಂದ ಹಾದುಹೋಗಬೇಕಾದ ಜಾಗ ಯಾವುದೋ ಅಲ್ಲಿ ಸುಂಕದವನು ಕೂರುತ್ತಾನೆ. ಬಂದರು ಅಂಥ ಒಂದು ಬಾಯಿ. ಘಟ್ಟದ ಕಣಿವೆ ಇನ್ನೊಂದು. ಪೇಟೆಯ ಕೋಟೆ ಬಾಗಿಲು ಮತ್ತೊಂದು. ಮುಳಬಾಗಿಲಿನ ಹೆಸರನ್ನೇ ನೋಡಿ, ಅದು ಮೂಡಣ ಬಾಗಿಲು. ಅದರಾಚೆಯ ನಂಗಲಿ ಹೊಯ್ಸಳ ಶಾಸನಗಳಲ್ಲಿ ರಾಜ್ಯದ ಮೂಡಣ ಗಡಿ. ಬಯಲುಸೀಮೆಯಿಂದ ತಮಿಳು ನಾಡಿಗೆ ಇಳಿಯುವ ಎತ್ತುಗಳಿಗೆ ಇಂಥ ಜಾಗ ಬಿಟ್ಟು ಬೇರೆ ಹಾದಿ ಸಿಗುವುದು ಕಷ್ಟ.

ಈಗ ಹಠ ಹಿಡಿದು ಕೂತಿರುವ ಆ ತಪ್ಪು ನಂಬಿಕೆಗೆ ಬರೋಣ: "ಒಳನಾಡಿನ ಸುಂಕ ಬ್ರಿಟಿಷರ ಸೃಷ್ಟಿ, ಅವರಿಗಿಂತ ಮುಂಚೆ ವ್ಯಾಪಾರ ಮುಕ್ತವಾಗಿತ್ತು." ಇದು ಭಾಷಣದಲ್ಲಿ ಕೇಳಿಸುತ್ತದೆ, ಶಾಲೆಯ ಚರ್ಚಾಸ್ಪರ್ಧೆಯಲ್ಲೂ ಕೇಳಿಸುತ್ತದೆ. ಸುಳ್ಳು ಎನ್ನುವುದಕ್ಕೆ ಪುರಾವೆ ನಮ್ಮ ಭಾಷೆಯಲ್ಲೇ ಇದೆ, ದೂರ ಹೋಗಬೇಕಿಲ್ಲ.

12ನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರಿದ್ದರು. ಕಾಯಕವೇ ಸುಂಕ ವಸೂಲಿ. ಬಂಕೇಶ್ವರಲಿಂಗ ಅವರ ಅಂಕಿತ. ಹೆಸರಿಗೇ ಅಂಟಿಕೊಳ್ಳುವಷ್ಟು ಸಾಮಾನ್ಯವಾದ ಕೆಲಸ ಅದಾಗಿತ್ತು ಎಂದಾಯಿತು. ಆ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ಅಂದರೆ ಹಿರಿಯ ಸುಂಕ, ಮತ್ತೆ ಮತ್ತೆ ಬರುತ್ತದೆ. ಅದನ್ನು ಎತ್ತುವ ಅಧಿಕಾರಿ ಸುಂಕವೆರ್ಗಡೆ. ದೇವಸ್ಥಾನದ ದೀಪದೆಣ್ಣೆಗೆಂದು ಆ ಸುಂಕದಲ್ಲೊಂದು ಪಾಲು ಬಿಟ್ಟುಕೊಟ್ಟ ದಾನಶಾಸನಗಳೂ ಇವೆ. ಸುಂಕವೇ ಇಲ್ಲದಿದ್ದರೆ ಪಾಲು ಬಿಟ್ಟುಕೊಡುವುದು ಎಲ್ಲಿಂದ?

ಕೋಲಾರದವರಿಗೆ ಇನ್ನೂ ಹತ್ತಿರದ ಪುರಾವೆ ಇದೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಈ ಸೀಮೆ ಆಗ ನಿಗರಿಲಿ ಚೋಳ ಮಂಡಲ. 1070ರಲ್ಲಿ ಪಟ್ಟಕ್ಕೆ ಬಂದ ಒಂದನೇ ಕುಲೋತ್ತುಂಗನಿಗೆ 'ಸುಂಗಂ ತವಿರ್ತ್ತ ಚೋಳನ್' ಎಂಬ ಬಿರುದಿತ್ತು, ಸುಂಕ ಬಿಡಿಸಿದ ಚೋಳ ಎಂದರ್ಥ. ಸುಂಕ ತೆಗೆದದ್ದನ್ನು ಬಿರುದಾಗಿ ಹೊರುವಷ್ಟು ಸುದ್ದಿಯಾಗಬೇಕಾದರೆ ಅದು ಜನರ ಬೆನ್ನ ಮೇಲೆ ಎಷ್ಟು ಭಾರ ಕೂತಿದ್ದಿರಬೇಕು! ಮದರಾಸಿನಲ್ಲಿ ಇಂಗ್ಲಿಷರು ಕಾಲಿಡುವುದಕ್ಕೆ ಐನೂರು ವರ್ಷಕ್ಕೂ ಹಿಂದಿನ ಮಾತು ಇದು.

ವಿಜಯನಗರದ ಹೊತ್ತಿಗೆ ವ್ಯವಸ್ಥೆ ಇನ್ನೂ ಬಿಗಿಯಾಗಿತ್ತು. ಊರೊಳಗೆ ಮಾರಾಟಕ್ಕೆ ಬಂದ ಸರಕಿಗೆ ಸ್ಥಳಾದಾಯ. ಸೀಮೆ ಹಾದು ಮುಂದಕ್ಕೆ ಹೋಗುವ ಸರಕಿಗೆ ಮಾರ್ಗಾದಾಯ. ಹೊರದೇಶಕ್ಕೆ ಹೋಗುವುದಕ್ಕೆ ಮಾಮೂಲಾದಾಯ. ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಲೆಕ್ಕ. 16ನೇ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ರಾಜಧಾನಿಯ ಒಂದು ಬಾಗಿಲಿನ ಲೆಕ್ಕ ಬರೆದಿಟ್ಟಿದ್ದಾನೆ. ಆ ಬಾಗಿಲಿನ ಸುಂಕ ವರ್ಷಕ್ಕೆ 12,000 ಪರ್ದಾವೊಗೆ, ಅಂದರೆ ಅಷ್ಟು ಚಿನ್ನದ ನಾಣ್ಯಕ್ಕೆ, ಗುತ್ತಿಗೆ. ದಿನಕ್ಕೆ 2,000 ಹೇರೆತ್ತುಗಳು ಒಳಗೆ ಬರುತ್ತವೆ, ಎತ್ತೊಂದಕ್ಕೆ ಮೂರು ವಿಂಟೆಂ, ಅದು ಪೋರ್ಚುಗೀಸರ ಚಿಲ್ಲರೆ ನಾಣ್ಯ. ಗುತ್ತಿಗೆದಾರ ಕೇಳಿದ್ದನ್ನು ಕೊಡದೆ ಊರಿನವನೂ ಒಳಗೆ ಹೋಗುವಂತಿಲ್ಲ, ಹೊರಗಿನವನೂ ಹೋಗುವಂತಿಲ್ಲ. ಒಂದೇ ಒಂದು ವಿನಾಯಿತಿ: ಕೊಂಬಿಲ್ಲದ ಬೋಳು ಎತ್ತಿಗೆ ರಾಜ್ಯದಲ್ಲಿ ಎಲ್ಲೂ ಸುಂಕವಿಲ್ಲ. ಇಷ್ಟು ಸೂಕ್ಷ್ಮದ ಪದ್ಧತಿ ಒಂದು ದಿನದಲ್ಲಿ ಹುಟ್ಟುವುದಿಲ್ಲ.

ಸಂಸ್ಕೃತದ ಹಳೆಯ ಪಂಡಿತರಲ್ಲಿ 'ಘಟ್ಟಕುಟೀ ಪ್ರಭಾತ ನ್ಯಾಯ' ಎಂಬ ಮಾತಿದೆ. ಸುಂಕ ತಪ್ಪಿಸಲು ಕತ್ತಲಲ್ಲಿ ಅಡ್ಡದಾರಿ ಹಿಡಿದವನಿಗೆ ಬೆಳಕು ಹರಿದದ್ದು ಸುಂಕದ ಗುಡಿಸಿಲಿನ ಮುಂದೆಯೇ. ನಮ್ಮ 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆಯೂ ಅದೇ ಅನುಭವದ್ದು. ಸುಂಕದವನ ಕಿವಿ ಯಾಕೆ ಕಿವುಡು? ಅವನು ಕಟ್ಟೆಯನ್ನು ಗುತ್ತಿಗೆ ಹಿಡಿದವನು. ವರ್ಷದ ಮೊತ್ತವನ್ನು ಸರ್ಕಾರಕ್ಕೆ ಮೊದಲೇ ಒಪ್ಪಿಕೊಂಡಿದ್ದಾನೆ. ಅದಕ್ಕಿಂತ ಹೆಚ್ಚು ಎತ್ತಿದರೆ ಲಾಭ, ಕಡಿಮೆಯಾದರೆ ಅವನ ಮನೆಗೇ ನಷ್ಟ. ಮಳೆ ಹೋಗಿದೆ, ಎತ್ತು ಸತ್ತಿದೆ ಎಂದು ಯಾರು ಅತ್ತರೂ ಅವನ ಗುತ್ತಿಗೆ ಕಡಿಮೆಯಾಗುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಕಳೆಯೋಣ. ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಟೋಲ್ ಸುಂಕದ ಕಟ್ಟೆಯ ಮೊಮ್ಮಗ ಅಲ್ಲ. ಟೋಲ್ ರಸ್ತೆ ಬಳಸಿದ್ದಕ್ಕೆ, ಗಾಡಿಯ ಮೇಲೆ ಬೀಳುತ್ತದೆ, ಗಾಡಿ ಖಾಲಿಯಿದ್ದರೂ ಕೊಡಬೇಕು. ಸುಂಕ ಸರಕಿನ ಮೇಲೆ. ಕಟ್ಟೆಗೆ ನಿಜವಾದ ವಾರಸುದಾರ ಎಂದರೆ ಊರೊಳಗೆ ಬರುವ ಸರಕಿನ ಮೇಲೆ ಪುರಸಭೆಗಳು ಎತ್ತುತ್ತಿದ್ದ ಆಕ್ಟ್ರಾಯ್. ಅದನ್ನು ಕರ್ನಾಟಕದಲ್ಲಿ 1979ರಲ್ಲಿ ತೆಗೆದು ಪ್ರವೇಶ ತೆರಿಗೆ ತಂದರು. ಅದೂ 2017ರ ಜಿಎಸ್‌ಟಿಯೊಳಗೆ ಸೇರಿಹೋಯಿತು.

ಹಾಗಾದರೆ ಬ್ರಿಟಿಷರು ಮಾಡಿದ್ದೇನು? ಮೊದಲು ಅವರೂ ಕಟ್ಟೆಗಳನ್ನು ನಡೆಸಿದರು. ಈಸ್ಟ್ ಇಂಡಿಯಾ ಕಂಪನಿ ಆಳ್ವಿಕೆಯ ಬಂಗಾಳದ ಲೆಕ್ಕವನ್ನು ಕಂಪನಿಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್ 1830ರ ದಶಕದಲ್ಲಿ ಬಿಡಿಸಿಟ್ಟ. ಹತ್ತಿಗೆ ಶೇ 5, ಅದನ್ನು ನೂತ ನೂಲಿಗೆ ಶೇ 7.5, ನೇಯ್ದ ಬಟ್ಟೆಗೆ ಶೇ 2.5, ಬಣ್ಣ ಹಾಕಿದರೆ ಮತ್ತೆ ಶೇ 2.5. ಒಟ್ಟು ಶೇ 17.5. ಕಲ್ಕತ್ತೆಯ ಬಂದರಿನಲ್ಲಿ ಇಳಿಯುವ ಇಂಗ್ಲೆಂಡಿನ ಬಟ್ಟೆಗೆ ಶೇ 2.5 ಮಾತ್ರ.

ದರಕ್ಕಿಂತ ಹೆಚ್ಚು ಕಾಡಿದ್ದು ರವನ್ನಾ, ಅಂದರೆ ರಹದಾರಿ ಚೀಟಿ. ಒಮ್ಮೆ ಸುಂಕ ಕಟ್ಟಿ ಚೀಟಿ ಪಡೆದರೆ ಮುಂದಿನ ಚೌಕಿಗಳಲ್ಲಿ ಮತ್ತೆ ಕಟ್ಟಬೇಕಿಲ್ಲ ಎನ್ನುವುದು ಕಾಗದದ ಮೇಲಿನ ನಿಯಮ. ಆದರೆ ಚೀಟಿಗೂ ಮಾಲಿಗೂ ತಾಳೆಯಾಗಬೇಕಲ್ಲ? ದಾರಿಯಲ್ಲಿ ಎರಡು ಮೂಟೆ ಮಾರಿದರೆ ತೂಕ ತಪ್ಪಿತು. ಬಿಳಿ ಬಟ್ಟೆಯೆಂದು ಚೀಟಿ ಪಡೆದು ಬಣ್ಣ ಹಾಕಿಸಿದರೆ ವಿವರ ತಪ್ಪಿತು. ತಪ್ಪಿದ್ದು ನಿಜವೋ ಸುಳ್ಳೋ, ಚೌಕಿಯವನು ಮೂಟೆ ಬಿಚ್ಚಿಸಿ ದಿನಗಟ್ಟಲೆ ಕೂರಿಸಿದರೆ ವ್ಯಾಪಾರಿಗೆ ಕೂಲಿ, ಮೇವು, ಬಡ್ಡಿ ಎಲ್ಲ ನಷ್ಟ. ಚೌಕಿಯವನ ಸಂಬಳ ಹೊಟ್ಟೆಗೆ ಸಾಲದಷ್ಟು. ಹಾಗಾಗಿ ಬಿಚ್ಚಿಸದೇ ಇರುವುದಕ್ಕೇ ಕಾಸು ಕೇಳುತ್ತಿದ್ದ.

ಆಮೇಲೆ ಒಳನಾಡಿನ ಸುಂಕವನ್ನು ಬಂಗಾಳದಲ್ಲಿ 1836ರಲ್ಲಿ, ಬೊಂಬಾಯಿಯಲ್ಲಿ 1838ರಲ್ಲಿ, ಮದರಾಸಿನಲ್ಲಿ 1844ರಲ್ಲಿ ತೆಗೆದರು. ಉತ್ತರದಲ್ಲಿ ಉಪ್ಪು, ಸಕ್ಕರೆಗೆಂದು ಉದ್ದಕ್ಕೂ ಬೇಲಿ ಕಟ್ಟಿ ಕಾಯ್ದ ಗಡಿಸಾಲು ಮಾತ್ರ 1879ರ ತನಕ ಉಳಿಯಿತು. ಮೈಸೂರು ಸಂಸ್ಥಾನದಲ್ಲಿ ಸಾಯರ್ ಎಂದು ಕರೆಯುತ್ತಿದ್ದ ಈ ಬಾಬುಗಳನ್ನು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ, ಅಂದರೆ 1834ರಿಂದ 1861ರ ನಡುವೆ, ಕಡಿದುಹಾಕಿದರು. ಆಗ ರದ್ದಾದ ಚಿಲ್ಲರೆ ತೆರಿಗೆಗಳು ಒಟ್ಟು 769. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟದ್ದಕ್ಕೆ, ತಲೆಕೂದಲು ತೆಗೆಸಿದ್ದಕ್ಕೆ ಒಂದೊಂದು ತೆರಿಗೆ. ಒಂದು ಊರಿನವರಂತೂ ತಮ್ಮ ಪೂರ್ವಜರು ಪಾಳೇಗಾರನ ಕಳೆದುಹೋದ ಕುದುರೆಯನ್ನು ಹುಡುಕಿಕೊಡಲಿಲ್ಲ ಎಂಬ ಕಾರಣಕ್ಕೆ ಅಲ್ಲಿಯವರೆಗೂ ತೆರಿಗೆ ಕಟ್ಟುತ್ತಿದ್ದರು.

ಇದನ್ನು ದಯೆ ಎಂದು ಬರೆಯುವವರಿದ್ದಾರೆ, ಅದನ್ನೂ ಒಪ್ಪಬೇಡಿ. ಕಟ್ಟೆ ಮುಚ್ಚಿದಾಗ ಗುಬ್ಬಿಯ ಅಡಿಕೆ ವ್ಯಾಪಾರಿಗೆ ಅನುಕೂಲವಾದದ್ದು ನಿಜ. ಮಲೆನಾಡಿನ ಅಡಿಕೆ ಗುಬ್ಬಿಗೆ ಬಂದು, ಅಲ್ಲಿಂದ ಘಟ್ಟದ ಕೆಳಗಿನ ವಾಲಾಜಾಪೇಟೆಗೆ ಹೋಗುತ್ತಿತ್ತು. ದಾರಿಯ ಕಟ್ಟೆಗಳು ಹೋದರೆ ಅಷ್ಟು ಉಳಿತಾಯ. ಆದರೆ ಅದೇ ದಾರಿಯಲ್ಲಿ ಎದುರುಗಡೆಯಿಂದ ಮ್ಯಾಂಚೆಸ್ಟರ್ ಬಟ್ಟೆಯೂ ತಡೆಯಿಲ್ಲದೆ ಮೇಲೆ ಬಂತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದ ಮೇಲಂತೂ ಮದರಾಸಿನಲ್ಲಿ ಇಳಿದ ಪೆಟ್ಟಿಗೆ ಬಂಗಾರಪೇಟೆಯ ದಾರಿಯಲ್ಲಿ ಒಂದು ಕಟ್ಟೆಯನ್ನೂ ಕಾಣದೆ ಬರುತ್ತಿತ್ತು. ಬಂದರಿನಲ್ಲಿ ಎಷ್ಟು ಸುಂಕ ಎನ್ನುವುದೊಂದೇ ಇನ್ನು ಲೆಕ್ಕ.

ಆ ಮದರಾಸು ಬಂದರಿನ ಹುಟ್ಟೇ ಸುಂಕದ ಒಪ್ಪಂದದಿಂದ. 1639ರಲ್ಲಿ ಆ ಸೀಮೆಯ ಒಡೆಯ ದಾಮರ್ಲ ವೆಂಕಟಪ್ಪ ನಾಯಕ ಕೊಟ್ಟ ಪತ್ರದ ಪ್ರಕಾರ ಇಂಗ್ಲಿಷರ ಸರಕಿಗೆ ಸುಂಕವಿಲ್ಲ, ಬೇರೆಯವರಿಂದ ಬಂದ ಸುಂಕದಲ್ಲಿ ಅವರಿಗೆ ಅರ್ಧ ಪಾಲು. 1672ರಲ್ಲಿ ಗೋಲ್ಕೊಂಡದವರ ಜೊತೆ ವರ್ಷಕ್ಕೆ 1,200 ವರಹಕ್ಕೆ ಮಾತಾಡಿ, ಎಲ್ಲವನ್ನೂ ತಾವೇ ಇಟ್ಟುಕೊಂಡರು. ಬಂದರು ಎಂದರೆ ಹಡಗುಕಟ್ಟೆ ಇತ್ತೆಂದು ಊಹಿಸಿಕೊಳ್ಳಬೇಡಿ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು, ಸರಕು ಮಸೂಲಾ ದೋಣಿಗಳಲ್ಲಿ ದಡಕ್ಕೆ ಬರುತ್ತಿತ್ತು. ಆ ದೋಣಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಎತ್ತಿ ಬಡಿದಾಗ ಮೊಳೆಯ ದೋಣಿ ಸೀಳುತ್ತದೆ, ಹೊಲಿದದ್ದು ಬಾಗಿ ತಡೆಯುತ್ತದೆ. ಆದರೆ ಮೂಟೆ ನೆನೆಯುತ್ತಿತ್ತು. ನೆನೆದ ಮಾಲಿಗೆ ಬೆಲೆ ಎಷ್ಟು ಎಂಬ ಜಗಳ ಸುಂಕದ ಮನೆಯಲ್ಲಿ ತಪ್ಪಿದ್ದಲ್ಲ. ಬಂದರು ಕಟ್ಟುವ ಕೆಲಸ 1870ರ ದಶಕದಲ್ಲಿ ಶುರುವಾಗಿ, 1881ರ ಚಂಡಮಾರುತಕ್ಕೆ ಒಡೆದು, ಮತ್ತೆ ಕಟ್ಟಿದರು.

1878ರ ಸಮುದ್ರ ಸುಂಕ ಕಾಯ್ದೆಯ ಹೊತ್ತಿಗೆ ಕ್ರಮ ಹೀಗಿತ್ತು. ಹಡಗಿನ ನಾಯಕ ಒಳಗಿರುವ ಎಲ್ಲ ಸರಕಿನ ಪಟ್ಟಿ ಕೊಡಬೇಕು. ವ್ಯಾಪಾರಿ ತನ್ನ ಪೆಟ್ಟಿಗೆಗಳ ಗುರುತು, ಸಂಖ್ಯೆ, ಬೆಲೆ ಬರೆದ ಬಿಲ್ ಆಫ್ ಎಂಟ್ರಿ ಕೊಡಬೇಕು. ಎರಡಕ್ಕೂ ತಾಳೆ ನೋಡುತ್ತಾರೆ, ಗುರುತು ಹೊಂದದಿದ್ದರೆ ಮಾಲು ಅಲ್ಲೇ ನಿಲ್ಲುತ್ತದೆ. ಅಪ್ರೈಸರ್ ಬೆಲೆ ಕಟ್ಟುತ್ತಾನೆ. ಮಾಮೂಲಿ ಸರಕಿಗೆ ವ್ಯಾಪಾರಿ ಹೇಳಿದ ಬೆಲೆ ಲೆಕ್ಕಕ್ಕಿಲ್ಲ, ಸರ್ಕಾರ ಮೊದಲೇ ಪ್ರಕಟಿಸಿದ ದರಪಟ್ಟಿಯ ಬೆಲೆಯ ಮೇಲೆ ಶೇಕಡಾ ಲೆಕ್ಕ. ಸುಂಕ ಕಟ್ಟಿದ ಮಾಲನ್ನೇ ಮತ್ತೆ ಹೊರದೇಶಕ್ಕೆ ಕಳಿಸಿದರೆ ಎಂಟರಲ್ಲಿ ಏಳು ಪಾಲು ವಾಪಸ್. 80 ರೂಪಾಯಿ ಕಟ್ಟಿದ್ದರೆ 70 ಬರುತ್ತದೆ.

ದರ ಏರಿಳಿದದ್ದು ಹೀಗೆ: 1860ರಲ್ಲಿ ಸಾಮಾನ್ಯ ದರ ಶೇ 10, 1864ರಲ್ಲಿ 7.5, 1875ರಲ್ಲಿ 5. ಹತ್ತಿ ಬಟ್ಟೆಗೆ 1862ರಲ್ಲೇ ಶೇ 5ಕ್ಕೆ ಇಳಿದಿತ್ತು. 1882ರಲ್ಲಿ ಉಪ್ಪು, ಮದ್ಯ ಮುಂತಾದ ಕೆಲವನ್ನು ಬಿಟ್ಟು ಎಲ್ಲ ಆಮದು ಸುಂಕವೂ ಸೊನ್ನೆ. 1896ರಲ್ಲಿ ಆಮದು ಬಟ್ಟೆಗೆ ಶೇ 3.5 ಹಾಕಿದರು, ಅದಕ್ಕೆ ಸರಿಸಮನಾಗಿ ಇಲ್ಲಿನ ಗಿರಣಿ ಬಟ್ಟೆಗೂ ಶೇ 3.5 ಅಬಕಾರಿ, ಅಂದರೆ ಇಲ್ಲೇ ತಯಾರಾದ ಮಾಲಿನ ಮೇಲಿನ ತೆರಿಗೆ, ಹಾಕಿದರು. ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಸೀಮೆಯಾದ ಲ್ಯಾಂಕಾಶೈರಿಗೆ ಒಂದು ಕಾಸಿನ ಅನನುಕೂಲವೂ ಆಗಬಾರದಲ್ಲ, ಅದಕ್ಕೆ. ಕೋಪ ಬರಬೇಕಾದ್ದು ಇದಕ್ಕೆ, ಹಳೇ ಸುಂಕದ ಕಟ್ಟೆಗಲ್ಲ. ಆ ಅಬಕಾರಿ ರದ್ದಾದದ್ದು 1926ರಲ್ಲಿ.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ಆ ದುಡ್ಡು ಯಾರಿಗೆ ಹೋಯಿತು? ಮಧುಗಿರಿಯಲ್ಲಿ ಕೊಂಡ ಸೀಮೆಎಣ್ಣೆಯ ಬೆಲೆಯೊಳಗೆ ಬಂದರಿನ ಸುಂಕ ಸೇರಿರುತ್ತಿತ್ತು. ಕೊಟ್ಟವರು ಮೈಸೂರಿನ ಪ್ರಜೆಗಳು, ಎತ್ತಿಕೊಂಡದ್ದು ಬ್ರಿಟಿಷರ ಭಾರತ ಸರ್ಕಾರ. ಕರಾವಳಿಯಿದ್ದ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ತಮ್ಮ ಬಂದರಿನ ಸುಂಕದ ಬಗ್ಗೆ 1865ರಲ್ಲೇ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡವು. ಮೈಸೂರಿಗೆ ಅಂಗೈಯಗಲ ಕಡಲತೀರವೂ ಇರಲಿಲ್ಲ, ಮಾತಾಡಲು ಆಧಾರವೇ ಇಲ್ಲ. ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕೆಂದು ಹಟ ಹಿಡಿದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಇನ್ನು ಚಿಕ್ಕಬಳ್ಳಾಪುರದ ಕಡೆಯವರಿಗೆ. 1930ರ ದಶಕದ ಆರಂಭದಲ್ಲಿ ಚೀನಾ, ಜಪಾನಿನ ಅಗ್ಗದ ರೇಷ್ಮೆ ಬಂದರುಗಳಿಗೆ ನುಗ್ಗಿ ಮೈಸೂರು ಸೀಮೆಯ ರೇಷ್ಮೆ ನೆಲಕಚ್ಚಿತು. ತನಿಖೆ ನಡೆದು 1934ರಲ್ಲಿ ಆಮದು ರೇಷ್ಮೆಗೆ ಶೇ 25, ಅದರ ಮೇಲೆ ಪೌಂಡಿಗೆ 14 ಆಣೆ ಸುಂಕ ಬಿತ್ತು. ಶೇಕಡಾ ಒಂದೇ ಸಾಲದೆ ಆಣೆಯನ್ನೂ ಯಾಕೆ ಸೇರಿಸಿದರು? ಹೊರಗಿನವರು ಬೆಲೆ ಇಳಿಸಿದಷ್ಟೂ ಶೇಕಡಾ ಸುಂಕ ತಾನೂ ಇಳಿಯುತ್ತದೆ, ರಕ್ಷಣೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ತೂಕದ ಮೇಲಿನ ಸುಂಕ ಬೆಲೆ ಬಿದ್ದರೂ ಅಲುಗುವುದಿಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಮ್ಮೆಗೇ 5ಕ್ಕೆ ಇಳಿಸಿದಾಗ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಏನಾಯಿತೆಂದು ಅಲ್ಲಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. 2013ರಲ್ಲಿ ಅದನ್ನು ಮತ್ತೆ ಶೇ 15ಕ್ಕೆ ಏರಿಸಿದರು.