ಮುಚ್ಚಳ ತಿರುಗಿಸುವ ಕೈಗೆ ನೋವು ಬಂದದ್ದು ಹೇಗೆ?

“ನಾನು ಭಾರ ಎತ್ತೋದಿಲ್ಲ ಡಾಕ್ಟ್ರೇ, ಬರೀ ಬಾಟಲಿಗೆ ಮುಚ್ಚಳ ಹಾಕ್ತೀನಿ” ಎಂದ ಆಕೆ, ಬಲ ಹೆಬ್ಬೆರಳಿನ ಬುಡವನ್ನು ಎಡಗೈಯಿಂದ ಹಿಡಿದುಕೊಂಡೇ ಕುಳಿತಿದ್ದರು. ಒಂದು ಬಾಟಲಿ ಕೊಟ್ಟು, ಕೆಲಸದಲ್ಲಿ ಮಾಡುವಂತೆಯೇ ಮಾಡಿ ತೋರಿಸಲು ಹೇಳಿದೆ. ಮೇಜು ಎದೆಯ ಮಟ್ಟಕ್ಕೆ ಬರುತ್ತದೆಂದು ಹೇಳಿ ಅವರು ಕೈಗಳನ್ನು ಎತ್ತಿದರು. ಭುಜಗಳು ಕಿವಿಯತ್ತ ಏರಿದವು, ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗಿತು, ಹೆಬ್ಬೆರಳು ಪೂರ್ತಿ ಚಾಚಿಕೊಂಡು ಮುಚ್ಚಳವನ್ನು ಒತ್ತಿತು. ನಿಮಿಷಕ್ಕೆ ಹತ್ತು ಮುಚ್ಚಳವೆಂದರೂ ಏಳು ಗಂಟೆಯ ದುಡಿಮೆಯಲ್ಲಿ 4,200 ಸಲ ಇದೇ ತಿರುವು.

ಹೆಬ್ಬೆರಳನ್ನು ಚಾಚುವ ಎರಡು ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಗಳು, ಮಣಿಕಟ್ಟಿನ ಪಕ್ಕದಲ್ಲಿ ಕೊಳವೆಯಂಥ ಇಕ್ಕಟ್ಟಾದ ಒಂದು ಕವಚದೊಳಗೆ ಜಾರುತ್ತವೆ. ಮಣಿಕಟ್ಟು ಬಾಗಿರುವಾಗ ಬಲ ಹಾಕಿದರೆ ಅಲ್ಲಿ ಉಜ್ಜಾಟ ಹೆಚ್ಚುತ್ತದೆ. ಅದು ಸಾವಿರಾರು ಸಲ ನಡೆದರೆ ಕವಚದ ಗೋಡೆ ದಪ್ಪವಾಗಿ, ದಾರಿ ಇನ್ನಷ್ಟು ಕಿರಿದಾಗುತ್ತದೆ. ಬಲ, ಪುನರಾವರ್ತನೆ, ಅಸಹಜ ಭಂಗಿ ಇವುಗಳಲ್ಲಿ ಯಾವುದಾದರೂ ಒಂದೇ ಇದ್ದಿದ್ದರೆ ದೇಹ ಬಹುಮಟ್ಟಿಗೆ ತಾಳಿಕೊಳ್ಳುತ್ತಿತ್ತು. ಆದರೆ ಹೆಚ್ಚು ಬಲ ಬೇಡುವ ಕೆಲಸವನ್ನೇ ಪದೇ ಪದೇ ಮಾಡಿದಾಗ ಆಗುವ ಹಾನಿ ಎರಡರ ಬರಿಯ ಮೊತ್ತಕ್ಕಿಂತ ಹೆಚ್ಚಿನದು. ಸವೆದದ್ದನ್ನು ದೇಹ ಸರಿಪಡಿಸಿಕೊಳ್ಳುವ ಮೊದಲೇ ಮರುದಿನದ ಕೆಲಸ ಶುರುವಾಗುವುದರಿಂದ, ನೋವಿಗೆ ಕಾರಣ ಹುಡುಕುವಾಗ ಕೆಲಸದ ಜೊತೆಗೆ ಬಿಡುವಿನ ಲೆಕ್ಕವನ್ನೂ ಕೇಳಲೇಬೇಕು.

ಭಾರ ಎತ್ತುವವರ ವಿಷಯದಲ್ಲಿಯೂ ತೂಕವೊಂದನ್ನೇ ನೋಡಿದರೆ ತಪ್ಪುತ್ತೇವೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲಕರವಾಗಿರುವಾಗ ಶಿಫಾರಸು ಮಾಡಿದ ಮಿತಿ 23 ಕಿಲೋ. ಹೊರೆ ಮೈಗೆ ಹತ್ತಿರ, ಅಂದರೆ ಕಾಲ್ಗಂಟುಗಳ ನಡುವಿನಿಂದ 25 ಸೆಂಟಿಮೀಟರ್ ಒಳಗಿದ್ದರೆ ಮಾತ್ರ ಈ ಮಾತು. ಅದೇ ಹೊರೆ 50 ಸೆಂಟಿಮೀಟರ್ ಮುಂದಿದ್ದರೆ ಮಿತಿ ಅರ್ಧಕ್ಕೆ, ಹನ್ನೊಂದೂವರೆ ಕಿಲೋಗೆ, ಇಳಿಯುತ್ತದೆ; ಸೊಂಟ ತಿರುಚಿ ಎತ್ತಬೇಕಾದರೆ ಇನ್ನೂ ಕಡಿಮೆ.

ಕದಲದೆ ಕೂರುವವರಿಗೆ ನೋವು ಬರುವ ಬಗೆ ಬೇರೆ. ಕತ್ತು ಬಗ್ಗಿಸಿ ಪರದೆ ನೋಡುವಾಗ ಕತ್ತಿನ ಹಿಂಭಾಗದ ಸ್ನಾಯುಗಳು ತಲೆಯ ಭಾರವನ್ನು ಎಡೆಬಿಡದೆ ಹೊರುತ್ತವೆ. ಬಿಗಿದೇ ಇರುವ ಸ್ನಾಯುವಿನಲ್ಲಿ ರಕ್ತಸಂಚಾರ ಕುಗ್ಗುವುದರಿಂದ, ಹೆಚ್ಚಿನ ಶ್ರಮವಿಲ್ಲದೆಯೂ ಅದು ದಣಿಯುತ್ತದೆ. ಕಂಪಿಸುವ ಯಂತ್ರ ಹಿಡಿಯುವವರ ಬೆರಳುಗಳಲ್ಲಿ ರಕ್ತನಾಳ ಮತ್ತು ನರಗಳಿಗೂ ಹಾನಿಯಾಗುತ್ತದೆ. ಚಳಿಯಲ್ಲಿ ಜೋಮು ಹಿಡಿದ ಕೈ ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ.

ನಮ್ಮ ತಪಾಸಣೆಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಕೆಲಸದ ವ್ಯವಸ್ಥೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುರಿ ಎಷ್ಟು, ವೇಗವನ್ನು ನಿರ್ಧರಿಸುವವರು ಯಾರು, ಕೈ ನೊಂದಾಗ ಎರಡು ನಿಮಿಷ ನಿಲ್ಲುವ ಸ್ವಾತಂತ್ರ್ಯವಿದೆಯೇ ಎಂಬುದನ್ನು ಕೇಳದೆ ಬರೆದ ಚೀಟಿ ಅಪೂರ್ಣ. ಒತ್ತಡದಲ್ಲಿರುವವರು ಅರಿವಿಲ್ಲದೆಯೇ ಭುಜ ಬಿಗಿದುಕೊಳ್ಳುತ್ತಾರೆ, ಬಿಡುವನ್ನೂ ಬಿಟ್ಟು ದುಡಿಯುತ್ತಾರೆ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜೀನಿ 1713ರಲ್ಲೇ ಬರಹಗಾರ ಗುಮಾಸ್ತರ ಕಾಯಿಲೆಗಳಿಗೆ ಸತತವಾಗಿ ಕೂರುವುದು, ಕೈಯ ಒಂದೇ ಬಗೆಯ ಚಲನೆ ಇವುಗಳ ಜೊತೆಗೆ ಮನಸ್ಸಿನ ಒತ್ತಡವನ್ನೂ ಕಾರಣವಾಗಿ ಹೇಳಿದ್ದರು.

ವಯಸ್ಸು, ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆ, ಹಳೆಯ ಪೆಟ್ಟು ಇವೆಲ್ಲ ಅಪಾಯವನ್ನು ಹೆಚ್ಚಿಸುವುದು ನಿಜ. ಆದರೆ ಇವುಗಳನ್ನು ಮುಂದೆ ಮಾಡಿ “ನಿಮ್ಮ ದೇಹವೇ ಹಾಗೆ” ಎಂದು ಹೇಳಿ ಕಳುಹಿಸಿದಾಗ, ಮೇಜಿನ ಎತ್ತರ ಹಾಗೆಯೇ ಉಳಿಯುತ್ತದೆ, ಅದೇ ಜಾಗಕ್ಕೆ ಬರುವ ಮುಂದಿನವರ ಕೈಯೂ ನೋಯುತ್ತದೆ.

ಆಕೆಗೆ ನೋವು ಶುರುವಾಗಿ ಐದು ತಿಂಗಳಾಗಿತ್ತು. ಮೊದಲು ರಜೆಯ ದಿನ ಪೂರ್ತಿ ಇಳಿಯುತ್ತಿದ್ದ ನೋವು, ಬರುಬರುತ್ತಾ ರಜೆಯಲ್ಲೂ ಉಳಿಯತೊಡಗಿತ್ತು. ಬರಬೇಕಾಗಿದ್ದ ಹೊತ್ತು ಅದೇ. ಹೆಬ್ಬೆರಳಿಗೆ ಪಟ್ಟಿ ಹಾಕಿ, ಮೇಲ್ವಿಚಾರಕರಿಗೊಂದು ಪತ್ರ ಬರೆದುಕೊಟ್ಟೆ. ಮೇಜಿನ ಮುಂದೆ ನಿಲ್ಲಲು ಗಟ್ಟಿಯಾದ ಅಗಲ ಹಲಗೆ ಹಾಕಿಸಿದರು, ಎರಡು ಗಂಟೆಗೊಮ್ಮೆ ಲೇಬಲ್ ಅಂಟಿಸುವವರೊಂದಿಗೆ ಕೆಲಸ ಬದಲಾಯಿಸಿದರು. ಎರಡು ತಿಂಗಳ ಬಳಿಕ ಬಂದಾಗ ಆಕೆ ಬಾಗಿಲಿನ ಹಿಡಿಯನ್ನು ಬಲಗೈಯಿಂದಲೇ ತಿರುಗಿಸಿ ಒಳಗೆ ಬಂದರು.