ಮಳೆಗಾಲ ಕಳೆದ ಮೇಲೆ ಡ್ರಿಲ್ ಬ್ಯಾಟರಿ ಏಳುತ್ತಿಲ್ಲ, ಏನು ಮಾಡೋದು?

ಪ್ರಶ್ನೆ: ನನ್ನ ಹತ್ರ 18 ವೋಲ್ಟಿನ ಕಾರ್ಡ್‌ಲೆಸ್ ಡ್ರಿಲ್ ಮಿಷನ್ ಇದೆ. ಮಳೆಗಾಲದಲ್ಲಿ ಕೆಲಸ ಇರಲಿಲ್ಲ, ಬ್ಯಾಟರಿ ಮಿಷನ್‌ನಲ್ಲೇ ಉಳೀತು. ಈಗ ಚಾರ್ಜರ್‌ಗೆ ಹಾಕಿದರೆ ಕೆಂಪು ದೀಪ ಮಿಣುಕುತ್ತೆ, ಚಾರ್ಜ್ ಏರಲ್ಲ. ಅಂಗಡಿಯವರು ಹೊಸದು ತಗೊಳ್ಳಿ ಅಂತಾರೆ. ನಮ್ಮ ಕೆಲಸದ ಹುಡುಗ ಇನ್ನೊಂದು ಬ್ಯಾಟರಿಯಿಂದ ವೈರ್ ಕೊಟ್ಟರೆ ಎದ್ದೇಳುತ್ತೆ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಮೊದಲು ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆಯಿರಿ. ಒಳಗಿನ ಸೆಲ್, ಅಂದರೆ ಡಬ್ಬಿಯೊಳಗಿನ ಪುಟ್ಟ ಬ್ಯಾಟರಿಗಳ ವೋಲ್ಟ್ ಎಷ್ಟು ಕೆಳಗೆ ಇಳಿದಿದೆ, ಎಷ್ಟು ದಿನ ಆ ಸ್ಥಿತಿಯಲ್ಲಿ ಬಿದ್ದಿತ್ತು ಅನ್ನೋದರ ಮೇಲೆ ಉತ್ತರ ನಿಂತಿದೆ.

ಅದಕ್ಕೂ ಮುಂಚೆ ಒಂದು ಮಾತು. ಏರುತ್ತೇನೋ ನೋಡೋಣ ಅಂತ ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜರ್‌ಗೆ ಸಿಕ್ಕಿಸಬೇಡಿ. ಕೆಲವು ಬ್ಯಾಟರಿ ಪ್ಯಾಕ್‌ಗಳ ಒಳಗಿರುವ ಕಾವಲು ಸರ್ಕ್ಯೂಟ್ ಬೋರ್ಡ್ ಸೋತ ಪ್ರಯತ್ನಗಳನ್ನು ಎಣಿಸಿಕೊಳ್ಳುತ್ತದೆ. ಕೆಲವು ಸಲ ಆದ ಮೇಲೆ ತಾನೇ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಸೆಲ್ ಚೆನ್ನಾಗಿದ್ದರೂ ಚಾರ್ಜರ್ ಅದನ್ನು ಮುಟ್ಟುವುದಿಲ್ಲ.

ಸುಲಭದ ಕಾರಣಗಳನ್ನು ಮೊದಲು ನೋಡಿಬಿಡಿ. ಅದೇ ಚಾರ್ಜರ್‌ನಲ್ಲಿ ಇನ್ನೊಂದು ಬ್ಯಾಟರಿ ಏರುತ್ತಾ? ಟರ್ಮಿನಲ್ ಸಂದಿಯಲ್ಲಿ ಪ್ಲೈವುಡ್ ಪುಡಿ ಕೂತಿದೆಯಾ, ಹಸಿರು ಕಿಲುಬು ಹಿಡಿದಿದೆಯಾ? ಬ್ಯಾಟರಿ ಬಿಸಿ ಇದ್ದರೂ ಚಾರ್ಜರ್ ದೀಪ ಮಿಣುಕಿಸಿ ಕಾಯುತ್ತದೆ, ಅದು ದೋಷವಲ್ಲ. ವಾರಂಟಿ ಇದ್ದರೆ ಬಿಚ್ಚಲೇಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ.

ಇವೆಲ್ಲ ಆದರೂ ಏಳದಿದ್ದರೆ ಒಳಗೆ ನೋಡಬೇಕು. 18 ವೋಲ್ಟಿನ ಪ್ಯಾಕ್ ಅಂದರೆ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದ ಐದು ಲಿಥಿಯಂ ಸೆಲ್. ಸಾಮಾನ್ಯವಾಗಿ 18650 ಅನ್ನುವ ಅಳತೆಯವು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದೊಂದರದು 3.6 ವೋಲ್ಟ್, ಐದಕ್ಕೆ 18. ಪೂರ್ತಿ ತುಂಬಿದಾಗ ಒಂದು ಸೆಲ್ 4.2 ಮುಟ್ಟುತ್ತದೆ, ಒಟ್ಟು 21. ಹಾಗಾಗಿಯೇ ಇದೇ ಬ್ಯಾಟರಿಯನ್ನು ಕೆಲವರು 20 ವೋಲ್ಟ್, ಕೆಲವರು 21 ವೋಲ್ಟ್ ಅಂತ ಮಾರುತ್ತಾರೆ. ಅಗ್ಗದ ಮಿಷನ್‌ಗಳ ಮೇಲೆ 48, 88 ಅಂತೆಲ್ಲ ದೊಡ್ಡದಾಗಿ ಬರೆದಿರುತ್ತಾರಲ್ವಾ, ಬಿಚ್ಚಿದರೆ ಅಲ್ಲೂ ಸಾಮಾನ್ಯವಾಗಿ ಇವೇ ಐದು ಸೆಲ್. 4 ಅಥವಾ 5 ಎಎಚ್ (ಆಂಪಿಯರ್ ಅವರ್, ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಪ್ಯಾಕ್ ಆದರೆ ಸಾಮಾನ್ಯವಾಗಿ ಎರಡೆರಡು ಸೆಲ್ ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್ ಮೈನಸ್‌ಗೆ ಮೈನಸ್ ಸೇರಿ ಐದು ಜೋಡಿ ಇರುತ್ತವೆ. ಲೆಕ್ಕ ಅದೇ, ಜೋಡಿಯನ್ನು ಒಂದು ಸೆಲ್ ಅಂತಲೇ ಎಣಿಸಿ.

ಹೊರಗಿನ ಟರ್ಮಿನಲ್‌ನಲ್ಲಿ ಮೀಟರ್ ಹಿಡಿದು 15 ವೋಲ್ಟ್ ಬಂತು ಅಂದುಕೊಳ್ಳಿ. ಐದೂ ಸೆಲ್ ತಲಾ 3 ವೋಲ್ಟ್‌ನಲ್ಲಿದ್ದರೂ 15 ಬರುತ್ತದೆ. ನಾಲ್ಕು ಸೆಲ್ 3.6ರಲ್ಲಿದ್ದು ಒಂದು 0.6ಕ್ಕೆ ಕುಸಿದಿದ್ದರೂ 15 ಬರುತ್ತದೆ. ಮೊದಲನೆಯದು ಬರೀ ಖಾಲಿಯಾದ ಬ್ಯಾಟರಿ, ಎರಡನೆಯದು ಕೆಟ್ಟ ಬ್ಯಾಟರಿ. ಮೀಟರ್‌ನಲ್ಲಿ ಮಾತ್ರ ಎರಡೂ ಒಂದೇ. ಆದ್ದರಿಂದ ಒಟ್ಟು ವೋಲ್ಟ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಕೆಲವು ಪ್ಯಾಕ್‌ಗಳಲ್ಲಂತೂ ಬೋರ್ಡ್ ಹೊರದಾರಿಯನ್ನೇ ಕತ್ತರಿಸಿರುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ.

ಪ್ಯಾಕ್ ಬಿಚ್ಚಲು ಸಾಮಾನ್ಯವಾಗಿ ನಕ್ಷತ್ರದ ತಲೆಯ ಟಿ10 ಬಿಟ್ ಬೇಕು. ಒಂದು ಸ್ಕ್ರೂ ಸ್ಟಿಕ್ಕರ್ ಅಡಿಯಲ್ಲಿ ಅಡಗಿರಬಹುದು. ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. ಈ ಬ್ಯಾಟರಿಗೆ ಸ್ವಿಚ್ ಆಫ್ ಮಾಡುವ ದಾರಿ ಇಲ್ಲ, ಸ್ಕ್ರೂಡ್ರೈವರ್ ಜಾರಿ ಎರಡು ಪಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ. ಮುಚ್ಚಳ ತೆಗೆದಾಗ ಸಿಹಿಯಾದ ಘಾಟು ಬಂದರೆ, ಸೆಲ್ ತಲೆಯ ಸುತ್ತ ತುಕ್ಕೋ ಅಂಟೋ ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ಸೋರಿದ ಸೆಲ್.

ಸೆಲ್‌ಗಳನ್ನು ಸೇರಿಸುವ ನಿಕಲ್ ಪಟ್ಟಿಗಳು ಬೋರ್ಡ್‌ಗೆ ಬಂದು ಕೂಡುವ ಕಡೆ ಆರು ಬೆಸುಗೆ ಸಿಗುತ್ತವೆ. ಮೈನಸ್‌ನಿಂದ ಶುರು ಮಾಡಿ ಪಕ್ಕಪಕ್ಕದ ಎರಡೆರಡರ ನಡುವೆ ಅಳೆಯುತ್ತಾ ಹೋದರೆ ಐದು ಅಂಕಿ ಬರುತ್ತವೆ. ಕಾಗದದ ಮೇಲೆ ಬರೆದುಕೊಳ್ಳಿ. 3.61, 3.60, 3.61, 3.59, ಆಮೇಲೆ 2.2. ಇಂಥದ್ದು ಬಹಳ ಸಲ ಕಾಣುತ್ತದೆ. ನಾಲ್ಕು ಗಟ್ಟಿ, ಒಂದು ಸೊರಗಿದ್ದು. ಪಂಕ್ತಿಯಲ್ಲಿ ಒಬ್ಬರು ಎದ್ದರೆ ಊಟ ಮುಗಿದ ಹಾಗೆ, ಒಂದು ಸೆಲ್ ಖಾಲಿಯಾದರೆ ಇಡೀ ಪ್ಯಾಕ್ ಕೆಲಸ ನಿಲ್ಲಿಸುತ್ತದೆ.

ಒಂದೇ ಯಾಕೆ ಸೊರಗುತ್ತದೆ? ಒಳಗಿನ ಬೋರ್ಡ್‌ಗೂ ಬದುಕಲು ಚೂರು ಕರೆಂಟ್ ಬೇಕು. ಕೆಲವು ವಿನ್ಯಾಸಗಳಲ್ಲಿ ಅದು ಐದರಿಂದಲೂ ಸಮನಾಗಿ ತಗೊಳ್ಳದೆ ಒಂದರಿಂದಲೇ ಹೀರುತ್ತದೆ. ಜೊತೆಗೆ, ಐದನ್ನೂ ಸಮ ಮಾಡುವ ಬ್ಯಾಲೆನ್ಸಿಂಗ್ ವ್ಯವಸ್ಥೆಯೇ ಎಷ್ಟೋ ಟೂಲ್ ಪ್ಯಾಕ್‌ಗಳಲ್ಲಿ ಇಲ್ಲ. ನಿಮ್ಮದು ಮಿಷನ್‌ಗೆ ಸಿಕ್ಕಿಸಿದಂತೆಯೇ ಇತ್ತು. ಟ್ರಿಗರ್ ಸ್ವಿಚ್‌ನ ಎಲೆಕ್ಟ್ರಾನಿಕ್ಸ್ ಕೂಡ ಸುಮ್ನೆ ಇರುವುದಿಲ್ಲ, ತಿಂಗಳುಗಟ್ಟಲೆ ತೊಟ್ಟು ತೊಟ್ಟಾಗಿ ಕುಡಿಯುತ್ತಿರುತ್ತದೆ.

ಈಗ ಎಬ್ಬಿಸಬೇಕೋ ಬೇಡವೋ ಅನ್ನುವ ತೀರ್ಮಾನ. 2.5 ವೋಲ್ಟ್ ಅನ್ನೋದು ಬಹಳಷ್ಟು ಸೆಲ್ ತಯಾರಕರು ಹಾಕಿದ ಕೆಳಗಿನ ಗೆರೆ. ಅದರ ಸ್ವಲ್ಪ ಕೆಳಗೆ, 2 ವೋಲ್ಟ್‌ವರೆಗೆ ಇದ್ದರೆ ನಿಧಾನವಾಗಿ ಎತ್ತಬಹುದು. 1.5ರಿಂದ 2ರ ನಡುವೆ ಇದ್ದರೆ, ಇತ್ತೀಚೆಗೆ ಇಳಿದದ್ದು ಅಂತ ಖಾತ್ರಿ ಇದ್ದರೆ ಮಾತ್ರ ಯೋಚಿಸಿ. 1.5ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಸೆಲ್ ಎದ್ದರೂ ನನಗೆ ಬೇಡ. ಕಾರಣ ಇಷ್ಟು: ಸೆಲ್‌ನ ಮೈನಸ್ ಕಡೆ ತೆಳು ತಾಮ್ರದ ಹಾಳೆ ಇರುತ್ತದೆ, ಅದರ ಮೇಲೆ ಗ್ರಾಫೈಟ್ ಲೇಪನ. ವೋಲ್ಟ್ ತೀರಾ ಕುಸಿದಾಗ ಆ ತಾಮ್ರ ಕರಗಿ ಒಳಗಿನ ದ್ರವಕ್ಕೆ ಸೇರುತ್ತದೆ. ಮತ್ತೆ ಚಾರ್ಜ್ ಹಾಕಿದಾಗ ಅದು ಮೊದಲಿದ್ದ ಜಾಗಕ್ಕೆ ಹೋಗಿ ಕೂರುವುದಿಲ್ಲ. ಎಲ್ಲೆಲ್ಲೋ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಪ್ಲಸ್ ಮೈನಸ್ ನಡುವಿನ ತೆಳು ಪರದೆಯನ್ನು ಒಂದು ಮುಳ್ಳು ದಾಟಿದರೆ ಸೆಲ್ ಒಳಗೇ ಶಾರ್ಟ್. ಅದು ಇವತ್ತೇ ಆಗಬೇಕಂತಿಲ್ಲ. ಎಬ್ಬಿಸಿ ಎರಡು ವಾರ ಚೆನ್ನಾಗಿ ಕೆಲಸ ಮಾಡಿಸಿಕೊಂಡು, ಒಂದು ರಾತ್ರಿ ಚಾರ್ಜರ್‌ನಲ್ಲಿದ್ದಾಗಲೂ ಆಗಬಹುದು.

ನಿಮ್ಮ ಹುಡುಗ ಹೇಳಿದ ವೈರ್ ಉಪಾಯವನ್ನು ಇಲ್ಲಿ ನೋಡಿ. ತುಂಬಿದ ಬ್ಯಾಟರಿಯ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟು ಸ್ವಲ್ಪ ಹೊತ್ತು ಹಿಡಿಯೋದು. ವೋಲ್ಟ್ ಮೇಲೇರುತ್ತದೆ, ಚಾರ್ಜರ್ ಒಪ್ಪಿಕೊಳ್ಳುತ್ತದೆ, ಎಲ್ಲರಿಗೂ ಖುಷಿ. ಆದರೆ ಆ ಹೊತ್ತಿನಲ್ಲಿ ಎಷ್ಟು ಆಂಪ್ಸ್ ಹರಿಯಿತು ಅನ್ನೋದಕ್ಕೆ ಯಾವ ಕಡಿವಾಣವೂ ಇಲ್ಲ. ಇಡೀ ಪ್ಯಾಕ್‌ಗೆ ಕೊಟ್ಟದ್ದರಿಂದ ಗಟ್ಟಿಯಿದ್ದ ನಾಲ್ಕು ಇನ್ನಷ್ಟು ಮೇಲೆ ಹೋದವು, ಸೊರಗಿದ್ದು ಹಿಂದೆಯೇ ಉಳಿಯಿತು. ಇನ್ನು ಚಾರ್ಜರ್ ಒಟ್ಟು 21 ವೋಲ್ಟ್ ನೋಡಿ ನಿಲ್ಲಿಸುವ ಅಗ್ಗದ್ದಾದರೆ? ಸೊರಗಿದ್ದು 3ರಲ್ಲಿ ನಿಂತರೆ ಉಳಿದ ನಾಲ್ಕು 4.5 ಮುಟ್ಟಿದಾಗ ಲೆಕ್ಕ 21 ಆಗುತ್ತದೆ. 4.2 ದಾಟಿಸಬಾರದ ಸೆಲ್‌ಗೆ 4.5 ಅಂದರೆ ಬೆಂಕಿಗೆ ಆಹ್ವಾನ.

ಸರಿಯಾದ ದಾರಿ, ಸೊರಗಿದ ಸೆಲ್‌ಗೆ ಮಾತ್ರ, ಕಡಿಮೆ ಕರೆಂಟಿನಲ್ಲಿ ಚಾರ್ಜ್ ಕೊಡೋದು. ಕರೆಂಟ್ ಮಿತಿ ಇಡಬಹುದಾದ ಬೆಂಚ್ ಪವರ್ ಸಪ್ಲೈ ಇದ್ದರೆ 4.2 ವೋಲ್ಟ್, 100 ಮಿಲಿಆಂಪ್‌ಗೆ ಇಡಿ. ಇಲ್ಲದಿದ್ದರೆ ಟಿಪಿ4056 ಅನ್ನುವ ಪುಟ್ಟ ಚಾರ್ಜಿಂಗ್ ಬೋರ್ಡ್ ಸಾಕು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ, ಬೆಲೆ ಏನೇನೂ ಇಲ್ಲ. ಮೊಬೈಲ್ ಚಾರ್ಜರ್‌ನಿಂದ ಓಡುತ್ತದೆ. ಇದರ ಒಳ್ಳೆಯ ಗುಣ ಏನಂದರೆ, ಸೆಲ್ 2.9 ವೋಲ್ಟ್‌ಗಿಂತ ಕೆಳಗಿದ್ದರೆ ತಾನಾಗಿಯೇ ಸುಮಾರು 130 ಮಿಲಿಆಂಪ್ ಮಾತ್ರ ಕೊಡುತ್ತದೆ. ಅದು ದಾಟಿದ ಮೇಲೆ 1 ಆಂಪ್‌ಗೆ ಏರುತ್ತದೆ, 4.2ಕ್ಕೆ ನಿಲ್ಲಿಸುತ್ತದೆ. ಒಂದು ಸಲಕ್ಕೆ ಒಂದೇ ಸೆಲ್, ಒಂದೇ ಬೋರ್ಡ್. ಒಂದೇ ಅಡಾಪ್ಟರ್‌ನಿಂದ ಎರಡು ಬೋರ್ಡ್ ಓಡಿಸಿ ಅಕ್ಕಪಕ್ಕದ ಎರಡು ಸೆಲ್‌ಗೆ ಕೊಟ್ಟರೆ ಸೆಲ್ ಶಾರ್ಟ್ ಆಗುತ್ತದೆ. ಪ್ಲಸ್ ಮೈನಸ್ ಎರಡೆರಡು ಸಲ ನೋಡಿ.

ಕಡಪ ಕಲ್ಲಿನ ಮೇಲೋ ಸಿಮೆಂಟ್ ಕಟ್ಟೆಯ ಮೇಲೋ ಇಡಿ, ಹತ್ತಿರದಲ್ಲೇ ಕೂತಿರಿ. ಆಗಾಗ ಸೆಲ್ ಮೈಗೆ ಬೆರಳು ಮುಟ್ಟಿಸಿ ನೋಡಿ. ಇಷ್ಟು ಕಡಿಮೆ ಕರೆಂಟಿಗೆ ಅದು ತಣ್ಣಗೇ ಇರಬೇಕು. ಬೆಚ್ಚಗಾದರೆ ವೈರ್ ಕೀಳಿ, ಅದರ ಕಥೆ ಮುಗಿಯಿತು. ಗಂಟೆಗಟ್ಟಲೆ ಕೊಟ್ಟರೂ 3 ವೋಲ್ಟ್ ದಾಟದಿದ್ದರೂ ಅಷ್ಟೇ. ಉಳಿದ ನಾಲ್ಕರ ಮಟ್ಟಕ್ಕೆ, ಅಂದರೆ ನಮ್ಮ ಉದಾಹರಣೆಯಲ್ಲಿ 3.6ಕ್ಕೆ ಬಂದ ಮೇಲೆ ಬಿಚ್ಚಿ.

ತಕ್ಷಣ ಮುಚ್ಚಳ ಹಾಕಬೇಡಿ. ಮಾರನೆಯ ದಿನ ಅದೇ ಹೊತ್ತಿಗೆ ಐದನ್ನೂ ಮತ್ತೆ ಅಳೆಯಿರಿ. ಚಾರ್ಜ್ ಬಿಚ್ಚಿದ ಕೂಡಲೇ ಚೂರು ಇಳಿಯೋದು ಸಹಜ. ಆದರೆ ಉಳಿದವು ಅಲುಗಾಡದೆ ಇದ್ದು, ಎಬ್ಬಿಸಿದ್ದು ಮಾತ್ರ ದಿನದಿನಕ್ಕೂ ಇಳಿಯುತ್ತಿದ್ದರೆ ಒಳಗೆ ಸೋರಿಕೆ ಇದೆ ಅಂತ ಅರ್ಥ. ಅಂಥದ್ದನ್ನು ಬಳಸಬಾರದು. ನಿಂತರೆ ಮಾತ್ರ ಅದರ ಸ್ವಂತ ಚಾರ್ಜರ್‌ಗೆ ಹಾಕಿ, ಮೊದಲ ಕೆಲವು ಸಲ ಕಣ್ಣೆದುರಿಗೇ ಚಾರ್ಜ್ ಮಾಡಿ.

ಸೆಲ್ ಬದಲಾಯಿಸೋದು ಬೇರೆಯದೇ ಕೆಲಸ. ಸೆಲ್‌ಗೆ ನೇರವಾಗಿ ಸೋಲ್ಡರ್ ಮಾಡಿದರೆ ಒಳಗಿನ ಪರದೆ ಬೇಯುತ್ತದೆ, ಕ್ಷಣಮಾತ್ರದಲ್ಲಿ ಪಟ್ಟಿ ಬೆಸೆಯುವ ಸ್ಪಾಟ್ ವೆಲ್ಡಿಂಗ್ ಮಿಷನ್ ಇರುವವರ ಹತ್ತಿರವೇ ಹೋಗಿ. ಹಳೆಯ ನಾಲ್ಕರ ಜೊತೆ ಹೊಸದೊಂದು ಹಾಕಿಸಿದರೆ ಬೇಗನೆ ಮತ್ತೆ ಏರುಪೇರಾಗುತ್ತದೆ, ಐದನ್ನೂ ಒಟ್ಟಿಗೆ ಬದಲಿಸೋದು ಮೇಲು. 9900 ಎಂಎಎಚ್ (ಅಂದರೆ 9.9 ಎಎಚ್) ಅಂತ ಬರೆದ 18650 ಸೆಲ್ ಕಂಡರೆ ನಕ್ಕು ಮುಂದೆ ಹೋಗಿ. ಈ ಗಾತ್ರದಲ್ಲಿ ಒಳ್ಳೆಯ ಕಂಪನಿಯದೂ ಸುಮಾರು 3500 ದಾಟುವುದು ಕಷ್ಟ. ಅದೂ ಡ್ರಿಲ್‌ಗೆ ಬೇಕಾದ್ದು ಜಾಸ್ತಿ ಆಂಪ್ಸ್ ತಡೆಯುವ ಸೆಲ್, ಟಾರ್ಚ್ ಸೆಲ್ ಅಲ್ಲ.

ಇನ್ನು ಮುಂದಿನ ಮಳೆಗಾಲಕ್ಕೆ. ಹಳೆಯ ಮೇಸ್ತ್ರಿಗಳು "ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಹಾಕು" ಅಂತಾರಲ್ಲ, ಅವರದು ತಪ್ಪಲ್ಲ. ಅವರು ಕಲಿತದ್ದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯಲ್ಲಿ. ಟೂಲ್‌ಗಳಿಗೆ ಲಿಥಿಯಂ ಬಂದದ್ದೇ 2005ರ ಆಸುಪಾಸಿನಲ್ಲಿ. ಲಿಥಿಯಂಗೆ ಆ ಮಾತು ಉಲ್ಟಾ. ಮಿಷನ್ ಸೊರಗಿದ ಸದ್ದು ಮಾಡಿದ ಕೂಡಲೇ ನಿಲ್ಲಿಸಿ, ಅರ್ಧಕ್ಕೇ ಚಾರ್ಜ್ ಹಾಕಿದರೂ ಏನೂ ನಷ್ಟವಿಲ್ಲ. ಸತ್ತ ಬ್ಯಾಟರಿಯನ್ನು ಫ್ರೀಜರ್‌ನಲ್ಲಿಟ್ಟರೆ ಏಳುತ್ತದೆ ಅನ್ನುವ ವಿಡಿಯೋಗಳನ್ನು ನಂಬಬೇಡಿ. ಬೋರ್ಡ್ ಮೇಲೆ ನೀರು ಕೂರುತ್ತದೆ, ಅಷ್ಟೇ ಲಾಭ.

ಎತ್ತಿಡುವಾಗ ಮಿಷನ್‌ನಿಂದ ಬೇರೆ ಮಾಡಿ. ಬ್ಯಾಟರಿ ಮೇಲೆ ಚಾರ್ಜ್ ತೋರಿಸುವ ನಾಲ್ಕು ದೀಪದಲ್ಲಿ ಎರಡು ಉರಿಯುವಷ್ಟು ಚಾರ್ಜ್ ಇರಲಿ. ತುಂಬಿಸಿ ಇಟ್ಟರೂ ಸೆಲ್ ಬೇಗ ಮುದಿಯಾಗುತ್ತದೆ, ಖಾಲಿ ಇಟ್ಟರೆ ಈಗ ಆದಂತೆ ಆಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ದೀಪ ಒತ್ತಿ ನೋಡಿ. ನಮ್ಮಲ್ಲಿ ಚಳಿಗಿಂತ ಸೆಕೆಯೇ ದೊಡ್ಡ ಶತ್ರು. ಏಪ್ರಿಲ್ ತಿಂಗಳ ತಗಡಿನ ಶೆಡ್, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಎರಡೂ ಬೇಡ. ಕೆಲಸ ಮುಗಿಸಿದ ಬಿಸಿ ಬ್ಯಾಟರಿಯನ್ನು ಆರಲು ಬಿಟ್ಟು ಆಮೇಲೆ ಚಾರ್ಜ್ ಹಾಕಿ.

ಇದೇ ಬ್ಯಾಟರಿ ಹಾಕುವ, ಕಬ್ಬಿಣ ಕೊಯ್ಯುವ ಗ್ರೈಂಡರ್ ಇದ್ದರೆ ಇನ್ನೊಂದು ಲೆಕ್ಕ. 600 ವ್ಯಾಟ್ ಎಳೆಯುವ ಗ್ರೈಂಡರ್‌ಗೆ 18 ವೋಲ್ಟಿನಲ್ಲಿ ಸುಮಾರು 33 ಆಂಪ್ಸ್ ಬೇಕು. 2 ಎಎಚ್ ಪ್ಯಾಕ್‌ನ ಒಂಟಿ ಸಾಲಿನ ಸೆಲ್‌ಗಳು ಅಷ್ಟನ್ನೂ ಹೊರಬೇಕು. ಹತ್ತು ಸೆಲ್ಲಿನ ಪ್ಯಾಕ್ ಆದರೆ ತಲಾ 17ರಷ್ಟು ಬೀಳುತ್ತದೆ. ಡ್ರಿಲ್‌ನ ಜೊತೆ ಬಂದ ಚಿಕ್ಕ ಬ್ಯಾಟರಿಯನ್ನು ಗ್ರೈಂಡರ್‌ಗೆ ಹಾಕಬೇಡಿ ಅನ್ನೋದು ಇದಕ್ಕೇ.

ನಿಮ್ಮದು ಏಳದಿದ್ದರೆ ಟರ್ಮಿನಲ್‌ಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಅಮುಕಿದಾಗ ಸೆಲ್ ಜಜ್ಜಿ ಬೆಂಕಿ ಹತ್ತುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹಾಗಾಗಿ ಹೊಸದು ತಗೊಳ್ಳುವಾಗ ಹಳೆಯದನ್ನು ಜೊತೆಗೇ ಒಯ್ದು, ಎಲ್ಲಿ ಕೊಡಬೇಕು ಅಂತ ಅಂಗಡಿಯವರನ್ನೇ ಕೇಳಿ.